ಮೂರನೇ ಗರ್ಡರಿನ ಅಜ್ಜ

ಕಮ್ಮರಡಿಯ ಭಜನಾ ಮಂದಿರದಲ್ಲಿ ಊಟಕ್ಕೆ ಕೂರಲು ಕಟ್ಟಳೆಯೇನೂ ಇರಲಿಲ್ಲ. ಬೇಗ ಬಂದವರಿಗೆ ಕಿಟಕಿಯ ಗಾಳಿ, ತಡವಾಗಿ ಬಂದವರಿಗೆ ಒಲೆಯ ಹೊಗೆ. ಆದರೆ ದೇವಪ್ಪ ಗೌಡರ ಎಲೆ ಮಾತ್ರ, ಅವರು ಬೇಗ ಬರಲಿ ತಡವಾಗಿ ಬರಲಿ, ಮೂರನೇ ಗರ್ಡರಿನ ಕೆಳಗೇ ಬೀಳಬೇಕು. ಹೊಸಬರು ಯಾರಾದರೂ ತಿಳಿಯದೆ ಅಲ್ಲಿ ಕೂತರೆ ಪಕ್ಕದವರು ಮೊಣಕೈಯಿಂದ ಮೆಲ್ಲಗೆ ತಿವಿದು, ಅದು ಅಜ್ಜನ ಜಾಗ, ಚೂರು ಆಚೆ ಸರಿಯಿರಿ ಎನ್ನುತ್ತಿದ್ದರು. ಹೊಸಬರು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಅಜ್ಜ ಎಲ್ಲೂ ಕಾಣದೆ ಕೊನೆಗೆ ಮೇಲೆ ನೋಡುತ್ತಿದ್ದರು.

ಅಜ್ಜ ಇದ್ದದ್ದು ಅಲ್ಲಿಯೇ.

ಮಂದಿರಕ್ಕೆ ಎರಡು ಅಂತಸ್ತು. ಕೆಳಗೆ ಊಟದ ಮನೆ, ಮೇಲೆ ಭಜನೆಯ ಹಾಲ್. ನಡುವೆ ಗೋಡೆಯಿಂದ ಗೋಡೆಗೆ ಐದು ಕಬ್ಬಿಣದ ಗರ್ಡರು, ಅವುಗಳ ಮೇಲೆ ಕಲ್ಲಿನ ಚಪ್ಪಡಿ. ಗರ್ಡರೆಂದರೆ ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ನೆಟ್ಟಗೆ ನಿಂತ ಕಬ್ಬಿಣದ ಹಲಗೆ. ನಾಲ್ಕು ಗರ್ಡರಿಗೆ ವರ್ಷವರ್ಷವೂ ಸುಣ್ಣ ಬಳಿಯುತ್ತಿದ್ದರು. ಮೂರನೆಯದರ ನಡುಭಾಗಕ್ಕೆ, ಮೊಳದುದ್ದದ ಜಾಗಕ್ಕೆ, ಸುಣ್ಣ ತಾಗುವಂತಿರಲಿಲ್ಲ. ಆಯುಧಪೂಜೆಯ ದಿನ ದೇವಪ್ಪ ಗೌಡರು ಮಿಂದು, ಏಣಿ ಹತ್ತಿ, ಅಲ್ಲಿಗೆ ಹರಳೆಣ್ಣೆ ಸವರಿ ಕುಂಕುಮ ಹಚ್ಚುತ್ತಿದ್ದರು. ಅವರ ಅಪ್ಪನೂ ಹಚ್ಚಿದ್ದರು. ಎಣ್ಣೆ, ಕುಂಕುಮ, ಅಡುಗೆಯ ಹೊಗೆ ಎಲ್ಲ ಸೇರಿ ಆ ಜಾಗದಲ್ಲಿ ಬೆಲ್ಲದ ಪಾಕ ತಳ ಹಿಡಿದಂಥ ಕಪ್ಪುಗೆಂಪು ಹಕ್ಕಳೆಯೊಂದು ಬೆಳೆದಿತ್ತು. ಹಕ್ಕಳೆಯ ಅಡಿಯಲ್ಲಿ ಸಾಲಾಗಿ ಉಬ್ಬುಗಳು. ಬೆರಳಾಡಿಸಿದರೆ ಅಕ್ಷರಗಳೆಂದು ತಿಳಿಯುತ್ತಿತ್ತು, ಯಾವ ಅಕ್ಷರಗಳೆಂದು ತಿಳಿಯುತ್ತಿರಲಿಲ್ಲ.

ಗೌಡರಿಗೆ ಮಾತ್ರ ತಿಳಿದಿತ್ತು. ಅದು ಅವರ ಅಜ್ಜ ಬೆಳ್ಳಪ್ಪ ಗೌಡರ ಹೆಸರು.

ನರಸಿಂಹರಾಜಪುರದವರೆಗೆ ಸಣ್ಣ ರೈಲು ಓಡಾಡುತ್ತಿದ್ದ ಕಾಲವದು. ರೈಲಿನಲ್ಲಿ ಬಂದಿಳಿದ ಗರ್ಡರುಗಳನ್ನು ಜೋಡಿ ಎತ್ತಿನ ಗಾಡಿಗಳ ಮೇಲೆ ಹೇರಿಕೊಂಡು, ಸೀತೂರಿನ ಏರಿನಲ್ಲಿ ಅಚ್ಚು ಮುರಿದರೂ ಬಿಡದೆ, ಕೊಪ್ಪ ದಾಟಿಸಿ ಕಮ್ಮರಡಿಗೆ ತಂದು ಮುಟ್ಟಿಸಿದವರು ಬೆಳ್ಳಪ್ಪ ಗೌಡರು. ಬಾಡಿಗೆ ಕೊಡಲು ಹೋದರೆ ದೇವರ ಮನೆ ಕೆಲಸಕ್ಕೆ ಬಾಡಿಗೆಯೇ ಎಂದು ಕೈ ಮುಗಿದರಂತೆ. ಆ ಭಕ್ತಿಗೆ ಮೆಚ್ಚಿ ಗರ್ಡರು ಮಾಡಿದ ಕಂಪನಿಯವರು ಅವರ ಹೆಸರನ್ನು ಕಬ್ಬಿಣದ ಮೈಮೇಲೇ ಮೂಡಿಸಿದರಂತೆ. ಇದು ಗೌಡರಿಗೆ ಅಜ್ಜಿ ಹೇಳಿದ್ದು. ಗೌಡರು ಊರಿಗೆಲ್ಲ ಹೇಳಿದ್ದು.

ಮಂದಿರದ ಕಾರ್ಯದರ್ಶಿ ಸುಬ್ಬರಾಯ ಭಟ್ಟರಿಗೆ ಈ ಕಥೆಯಲ್ಲಿ ಒಂದು ಕಡೆ ಮಾತ್ರ ಎಡವಿದಂತಾಗುತ್ತಿತ್ತು. ಭಟ್ಟರು ಭಜನೆಗೆ ಹಾರ್ಮೋನಿಯಂ ಹಿಡಿಯುವವರು, ಗೌಡರ ಓರಗೆಯವರು, ಎದುರು ಸಾಲಿನಲ್ಲಿ ಅವರಿಗೆ ಮುಖಾಮುಖಿ ಕೂತು ಉಣ್ಣುವವರು.

"ಅಲ್ಲ ಗೌಡ್ರೆ, ಅಕ್ಷರ ಮೂಡಿಸೋದು ಕಬ್ಬಿಣ ಕಾದಿದ್ದಾಗ. ನಿಮ್ಮಜ್ಜ ಗಾಡಿ ಹೊಡೆದದ್ದು ಅದು ತಣ್ಣಗಾದ ಮೇಲೆ. ಹೊಡೆಯೋಕ್ಕೆ ಮೊದಲೇ ಕಂಪನಿಯೋರು ಮೆಚ್ಚಿದ್ದು ಹ್ಯಾಂಗೆ?"

"ಒಳ್ಳೇ ಜನ ಯಾರು ಅಂತ ದೊಡ್ಡ ಕಂಪನಿಯೋರಿಗೆ ಮೊದಲೇ ಗೊತ್ತಾಗ್ತದೆ ಭಟ್ರೇ. ನೀವು ಸಾರು ಹಾಕ್ಕೊಳ್ಳಿ."

ಮಳೆಗಾಲದಲ್ಲಿ ಅನ್ನದ ಹಬೆ ಮೇಲೇರಿ, ಗರ್ಡರಿಗೆ ತಾಗಿ, ಹನಿಯಾಗಿ ಎಲೆಯ ಮೇಲೆ ಬೀಳುತ್ತಿತ್ತು. ಆಗ ಭಟ್ಟರು ಮೇಲೆ ನೋಡಿ, ಇವತ್ತು ಅಜ್ಜ ಬೆವರಿದ್ದಾರೆ, ಗಾಡಿ ಸೀತೂರಿನ ಏರು ಹತ್ತುತ್ತಿರಬೇಕು ಎನ್ನುವರು. ಸಾಲಿಗೆ ಸಾಲೇ ನಗುತ್ತಿತ್ತು. ಗೌಡರೂ ನಗುತ್ತಿದ್ದರು. ಹೆಸರಿದ್ದವರನ್ನಲ್ಲವೇ ಜನ ಆಡಿಕೊಳ್ಳುವುದು ಎಂಬ ಸಮಾಧಾನ ಅವರದು.

ಎರಡು ಸಾವಿರದ ಐದನೇ ಇಸವಿಯ ಶ್ರಾವಣದಲ್ಲಿ ಈ ಸಮಾಧಾನಕ್ಕೆ ಕುತ್ತು ಬಂತು. ಶನಿವಾರದ ಭಜನೆ ಮೇಲೆ ಜೋರಾಗಿತ್ತು. ಕೆಳಗೆ ಪಾಯಸ ಇಳಿಸಿಟ್ಟಿದ್ದರು. ಅಂಗೈಯಗಲದ ಗಾರೆ ಚಕ್ಕೆಯೊಂದು ಒಲೆಯ ಪಕ್ಕದ ಗರ್ಡರಿನಿಂದ ಕಳಚಿ ನೇರವಾಗಿ ಪಾಯಸಕ್ಕೇ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಪಾಯಸ ಹೋದದ್ದನ್ನು ಊರು ಸುಲಭಕ್ಕೆ ಮರೆಯುವಂತಿರಲಿಲ್ಲ. ಸಮಿತಿ ಸೇರಿ, ಮೇಲಿನ ಹಾಲಿಗೆ ಬೀಗ ಹಾಕಿ, ಕಟ್ಟಡ ತೋರಿಸಲು ಕೊಪ್ಪದಿಂದ ಇಂಜಿನಿಯರನ್ನು ಕರೆಸಿತು. ಬಂದವಳು ದೇವಪ್ಪ ಗೌಡರ ತಮ್ಮನ ಮಗಳು ನಿಶ್ಚಿತಾ. ಕೊಪ್ಪದ ಇಂಜಿನಿಯರೊಬ್ಬರ ಆಫೀಸಿನಲ್ಲಿ ಕೆಲಸ, ಓಡಾಡಲು ಸ್ಕೂಟಿ. ತಮ್ಮ ಮನೆಯ ಹುಡುಗಿಯೇ ಅಜ್ಜನ ಮಂದಿರ ನೋಡಲು ಬಂದಳೆಂದು ಗೌಡರು ಬಾಗಿಲಲ್ಲೇ ನಿಂತು ಬರಮಾಡಿಕೊಂಡರು.

ನಿಶ್ಚಿತಾ ಮಾತಿಗಿಂತ ಮುಂಚೆ ಏಣಿ ಕೇಳಿದಳು. ಒಲೆಯ ಪಕ್ಕದ ಗರ್ಡರಿನ ಸುಣ್ಣ ಕೆರೆದಳು. ಸುಣ್ಣದ ಹಿಂದೆಯೇ ತುಕ್ಕು ಹಪ್ಪಳದಂತೆ ಎದ್ದು ಬಂತು. ಸಣ್ಣ ಡ್ರಿಲ್ಲಿನಲ್ಲಿ ಒಂದು ತೂತು ಕೊರೆದು ಉದುರಿದ್ದನ್ನು ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದಳು. ಪುಡಿಪುಡಿಯಾಗಿ ಉದುರಿದ್ದರೆ ಇದು ಬೀಡು ಕಬ್ಬಿಣ, ಭಾರ ಹೆಚ್ಚಾದರೆ ಹೇಳದೆ ಕೇಳದೆ ಮುರಿಯುವಂಥದ್ದು. ಹೀಗೆ ಸುರುಳಿ ಸುರುಳಿಯಾಗಿ ಬಂದಿರುವುದರಿಂದ ಉಕ್ಕು, ಒಂದು ಗಂಡಾಂತರ ಕಳೆಯಿತು ಎಂದಳು. ಭಟ್ಟರು ಇಣುಕಿ ನೋಡಿ, ಎಣ್ಣೆಯಲ್ಲಿ ಬಿಟ್ಟರೆ ಚಕ್ಕುಲಿಯೇ ಆಗುತ್ತದೆ ಎಂದರು.

ಆಮೇಲೆ ಕ್ಯಾಲಿಪರ್ ಹಿಡಿದು ಒಂದೊಂದೇ ಗರ್ಡರಿನ ಪಟ್ಟಿಯ ಅಗಲ, ಅಂಚಿನ ದಪ್ಪ ನೋಡುತ್ತ ಹೋದಳು. ನೋಡಿದ ಹಾಗೆ ಅವಳ ಮುಖ ಗಂಟಾಯಿತು. ಒಂದೇ ಎತ್ತರದ ಗರ್ಡರನ್ನು ಆ ಕಾಲದಲ್ಲಿ ಒಂದೊಂದು ಕಾರ್ಖಾನೆಯವರು ಒಂದೊಂದು ದಪ್ಪಕ್ಕೆ ಮಾಡುತ್ತಿದ್ದರಂತೆ. ತುಕ್ಕು ಎಷ್ಟು ತಿಂದಿದೆ ಎಂದು ಹೇಳಬೇಕಾದರೆ ತಿನ್ನುವ ಮೊದಲು ಎಷ್ಟಿತ್ತು ಎಂದು ಗೊತ್ತಿರಬೇಕು. ಅದು ಗೊತ್ತಾಗಬೇಕಾದರೆ ಯಾರ ಗರ್ಡರೆಂದು ತಿಳಿಯಬೇಕು. ಮಾಡಿದವರು ಕಬ್ಬಿಣದ ಹೊಟ್ಟೆಯ ಮೇಲೆ ಹೆಸರು ಮೂಡಿಸಿರುತ್ತಾರೆ, ಆದರೆ ಈ ನಾಲ್ಕರಲ್ಲೂ ಹಬೆ ಕುಡಿದ ತುಕ್ಕು ಹೆಸರನ್ನು ನುಂಗಿ ಹಾಕಿದೆ ಎಂದಳು.

ಎಲ್ಲರ ಕತ್ತೂ ಮೂರನೇ ಗರ್ಡರಿನತ್ತ ತಿರುಗಿತು. ಆಮೇಲೆ ಅಷ್ಟೇ ನಿಧಾನವಾಗಿ ದೇವಪ್ಪ ಗೌಡರತ್ತ ತಿರುಗಿತು.

"ಅದನ್ನ ಕೆರೆಯೋ ಹಾಗಿಲ್ಲ" ಎಂದರು ಗೌಡರು.

"ದೊಡ್ಡಪ್ಪ, ಆ ಮೊಳದುದ್ದದ ಜಾಗ ಸಾಕು."

"ಅಲ್ಲಿರೋದು ಅಜ್ಜನ ಹೆಸರು ಮಗಾ. ಕಾರ್ಖಾನೆದು ಅಲ್ಲ. ಕೆರೆದರೆ ನಿಂಗೇನೂ ಉಪಯೋಗ ಇಲ್ಲ."

ನಿಶ್ಚಿತಾ ಹಟ ಹಿಡಿಯಲಿಲ್ಲ. ಗುರುತು ಸಿಗದಿದ್ದರೆ ತಾನು ಇದನ್ನು ನಂಬಿ ಸಹಿ ಹಾಕುವಂತಿಲ್ಲ, ಐದನ್ನೂ ತೆಗೆದು ಹೊಸದು ಹಾಕಿಸಬೇಕಾಗುತ್ತದೆ, ತೆಗೆದದ್ದು ಗುಜರಿಗೆ ಹೋಗುತ್ತದೆ ಎಂದಷ್ಟೇ ಹೇಳಿ ಏಣಿ ಇಳಿದಳು. ಭಟ್ಟರು ತಡೆಯಲಾರದೆ, ಹಾಗಾದರೆ ಅಜ್ಜ ವಾಪಸು ಹೋಗುವಾಗ ಲಾರಿಯಲ್ಲಿ ಹೋಗುತ್ತಾರೆ, ಏರಿನಲ್ಲಿ ಬೆವರುವುದು ತಪ್ಪಿತು ಎಂದರು. ಎಲ್ಲರೂ ನಕ್ಕರು. ಗೌಡರು ಅವತ್ತು ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಮನೆಗೆ ಬಂದು ಜಗಲಿಯಲ್ಲಿ ಕೂತವರಿಗೆ ಕಾಫಿ ತಂದಿಟ್ಟ ಹೆಂಡತಿ ವನಜಮ್ಮ, ಏನಾಯಿತೆಂದು ಕೇಳಲಿಲ್ಲ. ಆಗಲೇ ಮೂರು ಮನೆಯಿಂದ ಫೋನು ಬಂದಾಗಿತ್ತು. ಅವರು ಗಂಡನ ಎದುರಿಗೆ ಅಡಿಕೆ ಸುಲಿಯಲು ಕೂತು ಬೊಗಸೆಯಷ್ಟು ಸುಲಿದರು.

"ಅಜ್ಜನ ಹೆಸರೇ ಆದ್ರೆ ಕೆರೆದರೆ ಎಂತಾಗ್ತದೆ? ಇನ್ನೂ ಚೆಂದ ಕಾಣ್ತದೆ" ಎಂದರು ಕೊನೆಗೆ.

ಗೌಡರು ಕಾಫಿ ಲೋಟವನ್ನು ತಿರುಗಿಸುತ್ತಲೇ ಇದ್ದರು.

"ಅಲ್ದೇ ಇದ್ರೆ?"

ಹೊರಗೆ ಬಂದ ಮಾತು ಅಷ್ಟೇ. ಉಳಿದದ್ದು ಒಳಗಿತ್ತು, ವನಜಮ್ಮನಿಗೆ ಅದೂ ಕೇಳಿಸಿತು. ಬೆಳ್ಳಪ್ಪ ಗೌಡರದೆಂದು ಹೇಳಿಕೊಳ್ಳಲು ಒಂದು ಫೋಟೋ ಇರಲಿಲ್ಲ. ಅವರ ಗಾಡಿಯ ಗಾಲಿ ಯಾವಾಗಲೋ ಸೌದೆಯಾಗಿತ್ತು. ಕಂಡವರೆಲ್ಲ ಹೋಗಿಯಾಗಿತ್ತು. ಇದ್ದದ್ದು ಆ ಮೊಳದುದ್ದದ ಕಬ್ಬಿಣ. ಅದೂ ಬೇರೆ ಯಾರದೋ ಆದರೆ, ಅಂಥವರೊಬ್ಬರು ಇದ್ದರು ಎಂಬುದಕ್ಕೆ ಗೌಡರ ಬಾಯಿಮಾತೊಂದೇ ಉಳಿಯುತ್ತಿತ್ತು. ಗೌಡರ ಬಾಯಿಮಾತನ್ನು ಊರು ಎಷ್ಟರಮಟ್ಟಿಗೆ ನಂಬುತ್ತದೆಂದು ಗೌಡರಿಗೇ ಗೊತ್ತಿತ್ತು.

"ಶುಕ್ರವಾರ ಶೃಂಗೇರಿಗೆ ಹೋಗಿ ಬನ್ನಿ" ಎಂದರು ವನಜಮ್ಮ. "ನನ್ನ ಹತ್ರ ಹೇಳೋಕ್ಕಾಗದ್ದು ಅಮ್ಮನ ಹತ್ರ ಹೇಳಿ. ಅವಳು ಮೂರು ಮನೆಗೆ ಫೋನು ಮಾಡೋದಿಲ್ಲ."

ಶುಕ್ರವಾರ ಗೌಡರು ಮೊದಲ ಬಸ್ಸಿಗೆ ಹೊರಟರು. ತುಂಗೆಯಲ್ಲಿ ಕಾಲು ತೊಳೆದು ಶಾರದೆಯ ಮುಂದೆ ನಿಂತರು. ಕೇಳಬೇಕೆಂದುಕೊಂಡು ಬಂದದ್ದು ನಾಲಿಗೆಗೆ ಬರಲಿಲ್ಲ. ಅಜ್ಜನ ಹೆಸರೇ ಇರಲಿ ತಾಯಿ ಎಂದು ಕೇಳುವುದೋ, ಇಲ್ಲದಿದ್ದರೆ ಇರುವಂತೆ ಮಾಡು ಎಂದು ಕೇಳುವುದೋ? ಕಬ್ಬಿಣದ ಮೇಲೆ ಮೂಡಿದ್ದನ್ನು ಈಗ ತಿದ್ದು ಎಂದರೆ ಅವಳಾದರೂ ಏನು ಮಾಡಿಯಾಳು ಎಂದು ಅವರಿಗೇ ನಾಚಿಕೆಯಾಯಿತು. ಸುಮ್ಮನೆ ಕೈ ಮುಗಿದು ಪಕ್ಕಕ್ಕೆ ಸರಿದರು.

ಪಕ್ಕದಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ನಡೆದಿತ್ತು. ತಟ್ಟೆಯಲ್ಲಿ ಹರಡಿದ ಅಕ್ಕಿ. ಹಸಿರು ಲಂಗದ ಪುಟ್ಟ ಮಗುವೊಂದರ ಬೆರಳು ಹಿಡಿದು ಪುರೋಹಿತರು ಅಕ್ಷರ ಬರೆಸಿದರು. ಬೆರಳು ಬಿಟ್ಟ ಕೂಡಲೇ ಮಗು ಎರಡೂ ಅಂಗೈಯಿಂದ ಅಕ್ಷರವನ್ನು ಮುಚ್ಚಿಕೊಂಡು ಕೂತಿತು. ಯಾರಿಗೂ ತೋರಿಸಲು ಒಪ್ಪದು. ಅಪ್ಪ ಬೇಡಿದ, ಅಜ್ಜಿ ಕಲ್ಲುಸಕ್ಕರೆ ತೋರಿಸಿದಳು. ಪುರೋಹಿತರು ನಗುತ್ತ, ಬರೆಯುವುದು ಓದುವುದಕ್ಕಲ್ಲವೇ ಪುಟ್ಟೀ, ಹೀಗೆ ಮುಚ್ಚಿಟ್ಟುಕೊಂಡರೆ ಅಮ್ಮನಿಗೆ ಹೇಗೆ ಕಾಣಬೇಕು ಎಂದರು. ಮಗು ಯೋಚಿಸಿ, ಒಂದು ಕೈ ಮಾತ್ರ ಎತ್ತಿತು.

ದೇವಪ್ಪ ಗೌಡರಿಗೆ ಆ ಮಗುವಿನ ಮುಖ ತಮ್ಮದೇ ಅನ್ನಿಸಿತು. ಶಾರದೆಯ ಕಡೆ ಓರೆಗಣ್ಣಿನಿಂದ ನೋಡಿದರು. ಅವಳೂ ತಮ್ಮನ್ನು ಆಡಿಕೊಳ್ಳಲು ಶುರುಮಾಡಿದಳೆಂದು ಅವರಿಗೆ ಖಾತ್ರಿಯಾಯಿತು. ಊಟದ ಪ್ರಸಾದ ಮುಗಿಸಿ, ಬಸ್‌ಸ್ಟ್ಯಾಂಡಿನ ಬೂತಿನಿಂದ ನಿಶ್ಚಿತಾಳಿಗೆ ಫೋನು ಮಾಡಿ, ನಾಳೆ ಬಾ, ಆದರೆ ಕೆರೆಯುವುದು ನಾನೇ ಎಂದರು.

ಮರುದಿನ ಗೌಡರು ಮಿಂದು, ಒಗೆದ ಪಂಚೆಯುಟ್ಟು, ತೆಂಗಿನ ಕರಟ ಹಿಡಿದು ಬಂದರು. ಕಬ್ಬಿಣಕ್ಕೆ ಕಬ್ಬಿಣ ತಾಗಿಸುವುದು ಅವರಿಗೆ ಸರಿಬರಲಿಲ್ಲ. ಸುದ್ದಿ ತಿಳಿದು ಊಟದ ಹೊತ್ತಿಗೆ ಸೇರುವಷ್ಟೇ ಜನ ಸೇರಿದ್ದರು, ಎಲೆ ಹಾಕುವುದೊಂದು ಬಾಕಿ. ವನಜಮ್ಮ ಕೆಳಗೆ ಬಾಳೆಲೆ ಹಿಡಿದು ನಿಂತರು. ಪೂಜೆಯ ಕುಂಕುಮ ನೆಲಕ್ಕೆ ಬೀಳಬಾರದಲ್ಲ. ಗೌಡರು ಏಣಿ ಹತ್ತಿ, ಗರ್ಡರಿಗೆ ಕೈ ಮುಗಿದು, ಬಟ್ಟೆಯಲ್ಲಿ ಸೀಮೆಎಣ್ಣೆ ಅದ್ದಿ ಒತ್ತಿ ಹಿಡಿದರು. ಹಕ್ಕಳೆ ಮೆತ್ತಗಾಯಿತು. ಕರಟದಿಂದ ಎಬ್ಬಿದರೆ ಪದರ ಪದರವಾಗಿ ಬಿಡತೊಡಗಿತು. ಮೊದಲು ತಾವು ಹಚ್ಚಿದ್ದು, ಅದರಡಿ ಅಪ್ಪ ಹಚ್ಚಿದ್ದು.

ಮೊದಲ ಅಕ್ಷರ ಕಾಣಿಸಿತು. ಇಂಗ್ಲಿಷಿನದು.

ಗೌಡರು ನಿಲ್ಲಲಿಲ್ಲ. ಅಜ್ಜನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿರಬಹುದಲ್ಲ. ಎರಡನೆಯದನ್ನು ಬಿಡಿಸಿದರು, ಮೂರನೆಯದನ್ನು ಬಿಡಿಸಿದರು. ಶಾಲೆಯಲ್ಲಿ ಕಲಿತ ದೊಡ್ಡಕ್ಷರಗಳು ಇನ್ನೂ ನೆನಪಿದ್ದವು. ಒಂದೊಂದರ ಮೇಲೂ ಬೆರಳಿಟ್ಟು, ತುಟಿಯಾಡಿಸುತ್ತ ಕೊನೆಯವರೆಗೆ ಹೋದರು. ಹಿಂದಕ್ಕೆ ಬಂದು ಇನ್ನೊಮ್ಮೆ ಓದಿದರು. ಬೆಳ್ಳಪ್ಪ ಗೌಡರನ್ನು ಆ ಅಕ್ಷರಗಳಲ್ಲಿ ಎಷ್ಟು ಒತ್ತಿ ಕೂರಿಸಿದರೂ ಅವರು ಕೂರಲಿಲ್ಲ. ಅದು ಕಡಲಾಚೆಯ ಯಾವುದೋ ಊರಿನ ಕಾರ್ಖಾನೆಯ ಹೆಸರು.

ಯಾರೂ ನಗಲಿಲ್ಲ. ಭಟ್ಟರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ನೆಲ ನೋಡಿದರು. ಗೌಡರಿಗೆ ಅದೇ ತಡೆಯದಾಯಿತು. ಇಷ್ಟು ವರ್ಷದಲ್ಲಿ ಈ ಮನುಷ್ಯ ತಮ್ಮನ್ನು ಆಡಿಕೊಳ್ಳದೆ ಬಿಟ್ಟದ್ದು ಇದೇ ಮೊದಲು. ಅಂದರೆ ಅಜ್ಜ ನಿಜವಾಗಿಯೂ ಹೋದರು.

"ಭಟ್ರೇ, ಎಂತಾದ್ರೂ ಹೇಳಿ ಮಾರಾಯ್ರೆ" ಎಂದರು ಏಣಿಯ ಮೇಲಿಂದಲೇ.

ಭಟ್ಟರು ತಲೆಯೆತ್ತಿ ಗರ್ಡರನ್ನೂ ಗೌಡರನ್ನೂ ನೋಡಿದರು.

"ನಾನೆಂತ ಹೇಳ್ಲಿ ಗೌಡ್ರೆ. ನಿಮ್ಮದು ವಿಲಾಯಿತಿ ವಂಶ ಅಂತ ಮೊದಲೇ ಹೇಳಿದ್ರೆ ಇಷ್ಟು ವರ್ಷ ನಿಮ್ಮನ್ನ ಚಾಪೆ ಮೇಲೆ ಕೂರಿಸ್ತಿದ್ವಾ? ಕುರ್ಚಿ ಹಾಕಿ ಚಮಚ ಇಡ್ತಿದ್ವಪ್ಪ."

ಮೊದಲು ನಕ್ಕವರು ವನಜಮ್ಮ. ಅವರ ಕೈಯ ಬಾಳೆಲೆ ಅಲ್ಲಾಡಿ ಒಂದು ಚೂರು ಕುಂಕುಮ ನೆಲಕ್ಕೆ ಬಿದ್ದೇಬಿಟ್ಟಿತು. ಆಮೇಲೆ ಎಲ್ಲರೂ ನಕ್ಕರು. ಗೌಡರು ಏಣಿ ಹಿಡಿದುಕೊಂಡು ನಕ್ಕರು, ನಗುವಿನ ಜೊತೆಗೆ ಕಣ್ಣನ್ನೂ ಒರೆಸಿಕೊಂಡರು. ಹೊಗೆ ಎಂದರು. ಅವತ್ತು ಒಲೆಯೇ ಹೊತ್ತಿರಲಿಲ್ಲ.

ಅವರು ಇಳಿದ ಮೇಲೆ ನಿಶ್ಚಿತಾ ಹತ್ತಿದಳು. ಹತ್ತಿದವಳು ಅಕ್ಷರಗಳ ಸುತ್ತ ಕೈಯಾಡಿಸಿ, ಅಂಚಿಗೆ ಕ್ಯಾಲಿಪರ್ ಹಿಡಿದಳು. ಆಮೇಲೆ, ದೊಡ್ಡಪ್ಪ ಇಲ್ಲಿ ನೋಡಿ ಎಂದು ಟಾರ್ಚು ಬಿಟ್ಟಳು. ಎಣ್ಣೆಯ ಹಕ್ಕಳೆ ಇದ್ದಷ್ಟು ಜಾಗದಲ್ಲಿ ಕಬ್ಬಿಣ ನೀಲಿಯಾಗಿ, ಗಾಡಿಯಿಂದ ಇಳಿಸಿದ ದಿನ ಹೇಗಿತ್ತೋ ಹಾಗೇ ಇತ್ತು. ಒಂದು ಚುಕ್ಕೆ ತುಕ್ಕಿಲ್ಲ. ಕುಂಕುಮದೆಣ್ಣೆ ಇಳಿದಿಳಿದು ಕೆಳಗಿನ ಪಟ್ಟಿಯ ಅಂಚನ್ನೂ ಕಾಪಾಡಿತ್ತು. ಯಾರ ಗರ್ಡರೆಂಬುದೂ ತಿಳಿಯಿತು, ಮೊದಲಿಗೆ ಎಷ್ಟು ದಪ್ಪವಿತ್ತೆಂಬುದೂ ಅಳತೆಗೆ ಸಿಕ್ಕಿತು. ನೀವು ಅಜ್ಜ ಅಂದುಕೊಂಡು ಎಣ್ಣೆ ಹಚ್ಚದೇ ಇದ್ದಿದ್ದರೆ ಇದರದ್ದೂ ಗುರುತು ಹೋಗಿರುತ್ತಿತ್ತು, ಐದೂ ಗುಜರಿಗೇ ಹೋಗುತ್ತಿದ್ದವು ಎಂದಳು. ಗೌಡರು ಕೇಳಿಸಿಕೊಂಡರು.

ಮುಂದಿನ ವಾರ ಅವಳ ಲೆಕ್ಕ ಬಂತು. ಹಳೆಯ ಕೋಷ್ಟಕದಲ್ಲಿ ಆ ಕಾರ್ಖಾನೆಯ ಗರ್ಡರು ಸಿಕ್ಕಿತ್ತು, ಅಳತೆಯೂ ಕೂಡಿತ್ತು. ಒಲೆಯ ಪಕ್ಕದ್ದಕ್ಕೆ ಜೋಡಿಯಾಗಿ ಒಂದು ಹೊಸದು ಕೊಟ್ಟರೆ ಸಾಕು, ಉಳಿದವು ಭಜನೆಯ ಜನವನ್ನು ಧಾರಾಳವಾಗಿ ಹೊರುತ್ತವೆ. ಎಲ್ಲದರ ಸುಣ್ಣ, ತುಕ್ಕು ತೆಗೆದು ರೆಡ್ ಆಕ್ಸೈಡ್ ಬಳಿಯಬೇಕು, ವರ್ಷಕ್ಕೊಮ್ಮೆ ಯಾರಾದರೂ ಏಣಿ ಹತ್ತಿ ನೋಡಬೇಕು. ಯಾರು ಹತ್ತುವುದೆಂಬ ಮಾತು ಬಂದಾಗ ಭಟ್ಟರು, ಇಷ್ಟು ದಿನ ಗೌಡರಿಗೆ ಒಬ್ಬರೇ ಅಜ್ಜ, ಈಗ ಒಂದೇ ಮನೆಯ ಐವರು ಇದ್ದಾರೆ, ಬೇರೆಯವರಿಗೆ ವಹಿಸಿದರೆ ಚೆನ್ನಾಗಿರುವುದಿಲ್ಲ ಎಂದರು. ಸಮಿತಿ ಒಪ್ಪಿತು. ಗೌಡರೂ ಒಪ್ಪಿದರು. ಆದರೆ ಅವರ ಮನಸ್ಸು ಬೇರೆಲ್ಲೋ ಇತ್ತು.

ವನಜಮ್ಮ ಹಿಡಿದಿದ್ದ ಬಾಳೆಲೆಯ ಹಕ್ಕಳೆ ಹಾಗೇ ಮನೆಯ ದೇವರ ಗೂಡಿನಲ್ಲಿತ್ತು. ನಿರ್ಮಾಲ್ಯವಾದ್ದರಿಂದ ತುಂಗೆಗೆ ಬಿಡಬೇಕು. ಬಿಡಲು ಹೊರಟ ದಿನ ಗೌಡರು ಒಂದು ದೊಡ್ಡ ಚೂರನ್ನೆತ್ತಿ ಬೆಳಕಿಗೆ ಹಿಡಿದರು. ಒಳಮೈಯಲ್ಲಿ ಅಕ್ಷರಗಳ ಅಚ್ಚು ತಿರುಗುಮುರುಗಾಗಿ ಬಿದ್ದಿತ್ತು. ಎಲ್ಲಕ್ಕಿಂತ ಅಡಿಯಲ್ಲಿ, ಕಬ್ಬಿಣಕ್ಕೆ ತಾಗಿ ಕೂತಿದ್ದದ್ದು ತೆಳ್ಳಗಿನ ಒಂದು ಕೆಂಪು ಪದರ. ಅದು ಅಪ್ಪ ಹಚ್ಚಿದ್ದಕ್ಕಿಂತ ಮೊದಲಿನದು.

"ಇವಳೇ" ಎಂದು ಕರೆದರು. "ಹೊಸ ಸಾಮಾನು ಊರಿಗೆ ಬಂದಾಗ ಮೊದಲ ಕುಂಕುಮ ಹಚ್ಚೋರು ಯಾರು?"

"ತಂದೋರು" ಎಂದರು ವನಜಮ್ಮ ಒಳಗಿನಿಂದ. ಅಂದ ಮೇಲೆ ಅವರಿಗೂ ಹೊಳೆದು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಆ ಚೂರನ್ನು ನೋಡಿದರು.

ಅಜ್ಜಿ ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಅಕ್ಷರ ಯಾರದೋ. ಅದರ ಮೇಲೆ ಮೊದಲು ತಾಗಿದ ಬೆರಳು ಬೆಳ್ಳಪ್ಪ ಗೌಡರದು. ಮೂರೇ ಬೆರಳಗಲದ ಆ ಕೆಂಪನ್ನು ದೇವಪ್ಪ ಗೌಡರು ಬಹಳ ಹೊತ್ತು ಹಿಡಿದುಕೊಂಡು ಕೂತರು. ಉಳಿದದ್ದು ತುಂಗೆಗೆ ಹೋಯಿತು. ಅದೊಂದು ಚೂರು ಹೋಗಲಿಲ್ಲ.

ಆಯುಧಪೂಜೆಯ ದಿನ ಅವರು ಆ ಚೂರನ್ನು ಪುಡಿಮಾಡಿ, ಹರಳೆಣ್ಣೆಯಲ್ಲಿ ಕಲಸಿ, ಹೊಸ ಕುಂಕುಮಕ್ಕೆ ಬೆರೆಸಿದರು. ವನಜಮ್ಮ ನೋಡಿ, ಹಾಲಿಗೆ ಹೆಪ್ಪು ಹಾಕಿದ ಹಾಗಾಯಿತು ಎಂದರು. ಗೌಡರು ಗರ್ಡರಿಂದ ಗರ್ಡರಿಗೆ ಏಣಿ ಸರಿಸಿಕೊಂಡು ಎಲ್ಲದಕ್ಕೂ ಅದನ್ನೇ ಹಚ್ಚಿದರು. ಹೊಸದಾಗಿ ಬಂದ ಆರನೆಯದಕ್ಕೂ ಹಚ್ಚಿದರು.

ಅವತ್ತು ಬೀಗ ತೆಗೆದ ಹಾಲಿನಲ್ಲಿ ಭಜನೆ ನಡೆಯಿತು. ಕೊಪ್ಪ, ಭಂಡಿಗಡಿ ಕಡೆಯವರೂ ಬಂದಿದ್ದರು. ಮೇಲೆ ತಾಳಕ್ಕೆ ಕುಣಿಯುವ ಕಾಲುಗಳ ಸದ್ದು, ಕೆಳಗೆ ಮೊದಲ ಸಾಲಿಗೆ ಎಲೆ. ಹಾರ್ಮೋನಿಯಂ ಇನ್ನೊಬ್ಬರಿಗೆ ಕೊಟ್ಟು ಬಂದ ಭಟ್ಟರು, ಬಡಿಸುವವರು ರೂಢಿಯಂತೆ ಮೂರನೇ ಗರ್ಡರಿನ ಕೆಳಗೆ ಹಾಸಿದ್ದ ಎಲೆ ಖಾಲಿಯಾಗಿರುವುದನ್ನು ನೋಡಿ ಹುಡುಕಿದರು. ದೇವಪ್ಪ ಗೌಡರು ಒಲೆಯ ಪಕ್ಕದಲ್ಲಿ, ಹೊಗೆ ಬರುವ ಕಡೆ, ಎಲ್ಲರ ನಡುವೆ ಕೂತಿದ್ದರು. ಭಟ್ಟರು ತಮ್ಮ ಎಲೆಯನ್ನೆತ್ತಿಕೊಂಡು ಹೋಗಿ ಎದುರಿಗೇ ಕೂತರು.

ಅನ್ನದ ಹಬೆ ಮೇಲೇರಿತು. ಒಂದು ಹನಿ ಗೌಡರ ಎಲೆಯಂಚಿಗೆ ಬಿತ್ತು.

"ಇದು ಯಾವ ಅಜ್ಜಂದು ಗೌಡ್ರೆ?" ಎಂದರು ಭಟ್ಟರು.

ಗೌಡರು ಮೇಲೆ ನೋಡಿದರು. ಕೆಂಪು ಬಳಿದ ಗರ್ಡರುಗಳು ಉದ್ದಕ್ಕೂ ಮಲಗಿದ್ದವು, ಒಂದೊಂದರ ಹೊಟ್ಟೆಯ ಮೇಲೂ ಒಂದೊಂದು ಬೊಟ್ಟು.

"ಯಾರದ್ದಾದರೂ ಆಗ್ಲಿ ಭಟ್ರೇ, ಎಲ್ಲಾ ನಮ್ಮ ಗಾಡಿಲೇ ಬಂದೋರು" ಎಂದು ಹನಿ ಬಿದ್ದ ಕಡೆಯ ಅನ್ನವನ್ನೇ ಮೊದಲು ಕಲಸಿಕೊಂಡರು.